ಒಂದೂ ಹಿಟ್ ಇಲ್ಲದೆ ನಾಲ್ಕು ರನ್

ದೊಡ್ಡಪ್ಪ (ಫಾರ್ವರ್ಡ್): ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡೆಸೆಯುವವ) ಒಬ್ಬ ಎದುರಾಳಿಗೆ ಒಂದೂ ಹಿಟ್ (ಹೊಡೆತದ ಬಲದಿಂದಲೇ ಬೇಸ್ ಎಂಬ ನಿಲ್ದಾಣ ಸೇರುವುದು) ಕೊಡದೆ 4–0 ಅಂತರದಲ್ಲಿ ಸೋತ, ಮರುವರ್ಷ ಆ ಸಾಧನೆಯನ್ನೂ ನೋ-ಹಿಟರ್ (ಹಿಟ್ ಕೊಡದ ಪಂದ್ಯ) ಪಟ್ಟಿಯಿಂದ ತೆಗೆದುಹಾಕಿದರು.

ದೊಡ್ಡಪ್ಪ: ಮಕ್ಕಳೇ, ಜೊತೆಯವರು ಕೈಬಿಟ್ಟರೆ ಒಬ್ಬನ ದುಡಿಮೆ ಹೇಗೆ ನೀರುಪಾಲಾಗುತ್ತದೆ ಎಂಬುದನ್ನು ನೋಡಿ.

ಅಕ್ಕ: ದೊಡ್ಡಪ್ಪ, ಇದರಲ್ಲಿ ಆಟಗಾರನ ಹೆಸರಿಲ್ಲ, ತಂಡವಿಲ್ಲ, ಇಸವಿಯೂ ಇಲ್ಲ. ಹಿಟ್ ಇಲ್ಲದೆ ನಾಲ್ಕು ರನ್ ಎಲ್ಲಿಂದ ಬಂದವು ಎಂಬುದನ್ನಾದರೂ ಬರೆಯಬೇಕಿತ್ತು. ಮೂಲ ತಿಳಿಯದೆ ನಾನು ಒಪ್ಪಲಾರೆ.

ಚಿಕ್ಕಪ್ಪ: ನಿನ್ನದು ಯಾವಾಗಲೂ ಇದೇ ಕಥೆ. ಒಂದೇ ಇನಿಂಗ್ಸಿನಲ್ಲಿ ನಾಲ್ವರು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್, ಅಂದರೆ ಬ್ಯಾಟರ್ ವಿರುದ್ಧ ಎಣಿಸುವ ಮೂರು ಎಸೆತ, ಆದಾಗಿನ ಔಟ್) ಆಗಬಹುದೆಂದು ನಾನು ಹಾಕಿದಾಗಲೂ ನೀನು ಓದದೆಯೇ ಸುಳ್ಳು ಎಂದಿದ್ದೆ.

ಅಕ್ಕ: ಮೂರು ಔಟ್‌ಗೆ ಮುಗಿಯುವ ಇನಿಂಗ್ಸಿನಲ್ಲಿ ಅದು ಹೇಗೆ ಸಾಧ್ಯ ಎಂದು ಕೇಳಿದ್ದೆ, ಅಷ್ಟೇ.

ಚಿಕ್ಕಪ್ಪ: ಮೂರನೆಯ ಸ್ಟ್ರೈಕಿನ ಚೆಂಡು ಬ್ಯಾಟರ್ ಹಿಂದಿರುವ ಕ್ಯಾಚರ್ ಕೈಗೆ ಸಿಗದಿದ್ದರೆ, ಮೊದಲ ಬೇಸ್ ಖಾಲಿಯಿದ್ದಾಗ ಅಥವಾ ಆಗಲೇ ಇಬ್ಬರು ಔಟಾಗಿದ್ದಾಗ, ಬ್ಯಾಟರ್ ಓಡಿಹೋಗಿ ಬೇಸ್ ಸೇರಬಹುದು, ಪಿಚರ್ ಲೆಕ್ಕಕ್ಕೆ ಸ್ಟ್ರೈಕ್‌ಔಟ್ ಸೇರುತ್ತದೆ, ತಂಡಕ್ಕೆ ಔಟ್ ಸಿಗುವುದಿಲ್ಲ. ಅಂದೂ ಇದನ್ನೇ ಬರೆದಿದ್ದೆ.

ಅಣ್ಣ: ಹಳೆಯದನ್ನು ಬಿಡಿ, ದೊಡ್ಡಪ್ಪ ಕಳಿಸಿದ್ದು ನಿಜವೇ. 1990ರ ಜುಲೈ 1ರಂದು ಷಿಕಾಗೊದಲ್ಲಿ ಅಲ್ಲಿಯದೇ ವೈಟ್ ಸಾಕ್ಸ್ ತಂಡದ ವಿರುದ್ಧ ಯಾಂಕೀಸ್ ತಂಡದ ಆ್ಯಂಡಿ ಹಾಕಿನ್ಸ್ ಆಡಿದ ಪಂದ್ಯವದು. ಎಂಟನೆಯ ಇನಿಂಗ್ಸಿನಲ್ಲಿ ಇಬ್ಬರು ಔಟಾದ ಮೇಲೆ ಒಂದು ಎರರ್ (ಫೀಲ್ಡರ್ ತಪ್ಪು) ಆಯಿತು, ಇಬ್ಬರಿಗೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಸಿಗುವ ಉಚಿತ ಬೇಸ್) ಸಿಕ್ಕಿ ಬೇಸ್‌ಗಳು ತುಂಬಿದವು, ಅನಂತರ ಎರಡು ಸುಲಭ ಕ್ಯಾಚುಗಳು ಒಂದರ ಹಿಂದೊಂದು ಕೈಜಾರಿದವು. ಎರರ್‌ನಿಂದ ಬೇಸ್ ಸೇರಿದರೆ ಅದು ಹಿಟ್ ಅಲ್ಲ, ಆದರೆ ರನ್ ರನ್ನೇ.

ಅತ್ತೆ: ನಾವು ಚಿಕ್ಕವರಿದ್ದಾಗ ಕ್ರಿಕೆಟ್ ಸ್ಕೋರ್ ಪುಸ್ತಕ ಬರೆಯುತ್ತಿದ್ದುದು ನೆನಪಾಯಿತು. ಬೈ ರನ್ನನ್ನು ಬೌಲರ್ ಲೆಕ್ಕಕ್ಕೆ ಬರೆದೆನೆಂದು ನಿಮ್ಮ ಚಿಕ್ಕಪ್ಪ ಎರಡು ದಿನ ನನ್ನೊಡನೆ ಮಾತು ಬಿಟ್ಟಿದ್ದ.

ಚಿಕ್ಕಪ್ಪ: ಅಕ್ಕಾ, ಆ ಬೈ ರನ್ನನ್ನು ನೀನು ಬರೆದದ್ದು ತಪ್ಪೇ ಆಗಿತ್ತು.

ಅಕ್ಕ: ಅಣ್ಣಾ, ಪಟ್ಟಿಯಿಂದ ತೆಗೆದದ್ದೇಕೆ? ಹಿಟ್ ಕೊಡದಿದ್ದದ್ದು ನಿಜವಲ್ಲವೇ?

ಅಣ್ಣ: ಆತಿಥೇಯ ತಂಡ ಮುಂದಿದ್ದುದರಿಂದ ಒಂಬತ್ತನೆಯ ಇನಿಂಗ್ಸಿನಲ್ಲಿ ಬ್ಯಾಟ್ ಮಾಡಬೇಕಾಗಿ ಬರಲಿಲ್ಲ, ಹೀಗಾಗಿ ಹಾಕಿನ್ಸ್ ಎಸೆದದ್ದು ಎಂಟೇ ಇನಿಂಗ್ಸ್. ಕನಿಷ್ಠ ಒಂಬತ್ತು ಇನಿಂಗ್ಸ್ ಹಿಟ್ ಕೊಡದಿದ್ದರೆ ಮಾತ್ರ ನೋ-ಹಿಟರ್ ಎಂದು 1991ರಲ್ಲಿ ವ್ಯಾಖ್ಯೆಯನ್ನು ಬಿಗಿಗೊಳಿಸಿದರು. ಸ್ವಂತ ತಂಡ ಹಿಂದುಳಿದದ್ದಕ್ಕೇ ಎಸೆಯುವ ಅವಕಾಶ ತಪ್ಪಿದವನಿಗೆ ಇದನ್ನು ಅನ್ವಯಿಸಿದ್ದು ಅನ್ಯಾಯವೆಂದೇ ನನಗನ್ನಿಸುತ್ತದೆ.

ದೊಡ್ಡಪ್ಪ: ಸೋಲು ಯಾರ ಹೆಸರಿಗೆ ಬರೆದರು?

ಅಣ್ಣ: ಹಾಕಿನ್ಸ್ ಹೆಸರಿಗೇ, ದೊಡ್ಡಪ್ಪ. ಎರರ್‌ನಿಂದ ಬಂದ ಆ ನಾಲ್ಕು ರನ್ನುಗಳು ಅವರು ಕೊಟ್ಟ ರನ್ನುಗಳ ಸರಾಸರಿಗೆ ಸೇರಲಿಲ್ಲ, ಸೋಲು ಸೇರಿತು.

ದೊಡ್ಡಪ್ಪ: ನಾನು ಹೇಳಿದ್ದೂ ಅದನ್ನೇ. ಸುಳ್ಳು ಎಂದವರು ಈಗ ಏನನ್ನುತ್ತಾರೆ?

ಅಕ್ಕ: ದೊಡ್ಡಪ್ಪ, ನಾನು ಮೂಲ ಕೇಳಿದೆನೇ ಹೊರತು ಸುಳ್ಳು ಎನ್ನಲಿಲ್ಲ, ದಯವಿಟ್ಟು ಮೇಲಿನ ಸಂದೇಶವನ್ನು ಇನ್ನೊಮ್ಮೆ ಓದಿ.