ಬೈಪಾಸಿನ ಗೂಟ ನಮ್ಮೂರ ಮಂದ್‌ನಲ್ಲಿ: ಭೂಸ್ವಾಧೀನದ ವಕೀಲರೊಂದಿಗೆ ಪ್ರಶ್ನೋತ್ತರ

ಅಡ್ಮಿನ್: ಕೊಡಗಿನ ನಮ್ಮ ಪಟ್ಟಣದ ಹೊರಗಿನಿಂದ ಹೆದ್ದಾರಿ ಬೈಪಾಸ್ ಬರ್ತದೆ ಅಂತ ಸುದ್ದಿ ಆದ ಮೇಲೆ ಗುಂಪಿನಲ್ಲಿ ದಿನಕ್ಕೆ ಐವತ್ತು ಮೆಸೇಜ್. ಅರ್ಧ ಬೈಗುಳ, ಅರ್ಧ ಗಾಳಿಸುದ್ದಿ. ಭೂಸ್ವಾಧೀನದ ಕೇಸುಗಳನ್ನೇ ನಡೆಸುವ ನಮ್ಮ ಸದಸ್ಯೆಯೊಬ್ಬರು ಇವತ್ತು ಸಂಜೆ ಉತ್ತರ ಕೊಡಲು ಒಪ್ಪಿದ್ದಾರೆ. ಪ್ರಶ್ನೆ ಇಲ್ಲೇ ಕೇಳಿ. ಇನ್‌ಬಾಕ್ಸಿಗೆ ಹೋಗಿ ಅವರ ತಲೆ ತಿನ್ನಬೇಡಿ.

ಪ್ರಶ್ನೆ: ಅಕ್ಕ, ಕಳೆದ ವಾರ ನಾಲ್ಕು ಜನ ಜೀಪಲ್ಲಿ ಬಂದು ತೋಟದೊಳಗೆ ಮೆಷಿನ್ ಇಟ್ಟು ಅಳೆದರು. ಸಿಲ್ವರ್ ಮರಗಳಿಗೆ ಕೆಂಪು ಬಣ್ಣ ಹಚ್ಚಿದ್ದಾರೆ. ಹುತ್ತರಿ ಹಬ್ಬದಲ್ಲಿ ಕೋಲಾಟ ಆಡುವ ಊರಬಯಲಾದ ಮಂದ್‌ನ ನಟ್ಟನಡುವೆ ಒಂದು ಗೂಟ ಹೊಡೆದು ಹೋಗಿದ್ದಾರೆ. ಮೇಲಿನ ದೇವರಕಾಡಿನ ಅಂಚಲ್ಲಿ ಇನ್ನೊಂದು. ಕೇಳಿದರೆ 'ಸರ್ವೆ ಅಷ್ಟೇ' ಅಂತಾರೆ. ಇದುವರೆಗೆ ಯಾರ ಮನೆಗೂ ನೋಟಿಸ್ ಬಂದಿಲ್ಲ. ಊರವರೆಲ್ಲ ಸೇರಿ ಮಡಿಕೇರಿಯಲ್ಲಿ ಧರಣಿ ಕೂರೋದು ಅಂತ ತೀರ್ಮಾನ ಆಗಿದೆ. ಅಷ್ಟು ಸಾಕಾ?

ವಕೀಲೆ: ಧರಣಿ ಕೂರಿ, ಬೇಡ ಅನ್ನೋದಿಲ್ಲ. ಆದರೆ ಧರಣಿಗೆ ಕಾಯ್ದೆಯಲ್ಲಿ ಗಡುವು ಇಲ್ಲ, ಆಕ್ಷೇಪಣೆಗೆ ಉಂಟು. ಆ ಗಡುವು ತಪ್ಪಿಸಿಕೊಂಡ ಊರುಗಳ ಫೈಲು ನನ್ನ ಕಚೇರಿಯಲ್ಲಿ ಒಂದು ಕಪಾಟು ತುಂಬ ಇವೆ.

ಮೊದಲು ನೀವು ಯಾವ ಹಂತದಲ್ಲಿದ್ದೀರಿ ಅಂತ ತಿಳಿದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಗೆ ಜಾಗ ತೆಗೆದುಕೊಳ್ಳೋದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯ ಪ್ರಕಾರ. ಅದರಲ್ಲಿ ಮೊದಲ ಹೆಜ್ಜೆ ಸೆಕ್ಷನ್ 3ಎ ಅಧಿಸೂಚನೆ. ಈ ಜಾಗ ಬೇಕಾಗ್ತದೆ ಅಂತ ಸರ್ಕಾರ ಗೆಜೆಟ್‌ನಲ್ಲಿ ಹೇಳೋದು. ನಿಮ್ಮ ಜಾಗಕ್ಕೆ ಅದಿನ್ನೂ ಆಗಿಲ್ಲದಿದ್ದರೆ ನೀವು ನೋಡಿದ್ದು ವಿಸ್ತೃತ ಯೋಜನಾ ವರದಿಗೆ, ಎಲ್ಲರೂ ಡಿಪಿಆರ್ ಅಂತಾರಲ್ಲ, ಅದಕ್ಕೆ ಮಾಡುವ ಅಳತೆ. ನಿಮ್ಮ ಜಾಗಕ್ಕೆ ಕಾಲಿಟ್ಟು ಅಳೆಯುವ ಅಧಿಕಾರ ಈ ಕಾಯ್ದೆಯ 3ಬಿ ಪ್ರಕಾರ ಸಿಗೋದು 3ಎ ಆದ ಮೇಲೆ. ಅದಕ್ಕೆ ಮುಂಚೆ ಬಂದವರನ್ನು ಕೂರಿಸಿ, ಕಾಫಿ ಕೊಡಿ, ಯಾವ ಕಚೇರಿಯವರು, ಪತ್ರ ಎಲ್ಲಿ ಅಂತ ಕೇಳಿ. ಪತ್ರದ ಫೋಟೋ ತೆಗೆದುಕೊಳ್ಳಿ. ಜಗಳ ಬೇಡ, ಬಂದ ಹುಡುಗರು ದಿನಗೂಲಿಯವರು.

ಇನ್ನು ನೋಟಿಸ್ ಮನೆಗೆ ಬರ್ತದೆ ಅಂತ ಕಾಯಬೇಡಿ. 3ಎ ಬರೋದು ಗೆಜೆಟ್‌ನಲ್ಲಿ. ಸಾರಾಂಶ ಎರಡು ಸ್ಥಳೀಯ ಪತ್ರಿಕೆಯಲ್ಲಿ ಬರ್ತದೆ, ಅದರಲ್ಲಿ ಒಂದು ಕನ್ನಡದ್ದು. ಆ ಪ್ರಕಟಣೆಯಿಂದ 21 ದಿನದೊಳಗೆ 3ಸಿ ಪ್ರಕಾರ ಲಿಖಿತ ಆಕ್ಷೇಪಣೆ ಹಾಕಬೇಕು. ಡಿಸೆಂಬರ್–ಜನವರಿಯಲ್ಲಿ ಬಂತು ಅಂದುಕೊಳ್ಳಿ: ಕಾಫಿ ಕುಯ್ಲು, ಕಣದಲ್ಲಿ ಕೆಲಸ, ಆಳು ಸಿಗದ ಕಾಲ. ಜುಲೈಯಲ್ಲಿ ಬಂದರೆ ಕರೆಂಟೂ ಇಲ್ಲ, ಪೇಪರೂ ಇಲ್ಲ. 21 ದಿನ ಹೋದದ್ದೇ ಗೊತ್ತಾಗೋದಿಲ್ಲ. ಊರಲ್ಲಿ ಇಬ್ಬರಿಗೆ ಇದೇ ಕೆಲಸ ವಹಿಸಿ. ದಿನಾ ಪತ್ರಿಕೆಯ ಕೊನೆಯ ಪುಟಗಳು, ವಾರಕ್ಕೆರಡು ಸಲ ಇ-ಗೆಜೆಟ್.

ಪ್ರಶ್ನೆ: ಆಕ್ಷೇಪಣೆಯಲ್ಲಿ ಏನು ಬರೆಯಬೇಕು ಮೇಡಂ? ಸಂಘದಿಂದ ಒಂದು ಮಾದರಿ ಮಾಡಿ ಎಲ್ಲರ ಸಹಿ ಹಾಕಿಸಿದರೆ ಆಗ್ತದಾ?

ವಕೀಲೆ: ಅದನ್ನು ಮಾತ್ರ ಮಾಡಬೇಡಿ. 200 ಜನ ಒಂದೇ ಜೆರಾಕ್ಸಿಗೆ ಸಹಿ ಹಾಕಿ ಕೊಟ್ಟರೆ ಅಧಿಕಾರಿಯ ಕೆಲಸ ಸುಲಭ. 'ಸಾರ್ವಜನಿಕ ಉದ್ದೇಶವಿರುವುದರಿಂದ ತಿರಸ್ಕರಿಸಲಾಗಿದೆ' ಅಂತ ಒಂದೇ ಸಾಲಿನಲ್ಲಿ 200 ಆಕ್ಷೇಪಣೆ ಮುಗೀತದೆ. ಒಬ್ಬೊಬ್ಬರೂ ತಮ್ಮ ಸರ್ವೆ ನಂಬರ್ ಹಾಕಿ, ತಮ್ಮ ಜಾಗಕ್ಕೆ ಮಾತ್ರ ಹೊಂದುವ ಮಾತು ಬರೆಯಬೇಕು. ಕೊನೆಗೆ 'ನನ್ನನ್ನು ಖುದ್ದಾಗಿ ಅಥವಾ ವಕೀಲರ ಮೂಲಕ ಕೇಳಬೇಕು' ಅಂತ ಸೇರಿಸಿ, ಅದು ನಿಮ್ಮ ಹಕ್ಕು. ಸೀಲು ಹಾಕಿದ ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ.

ಬರೆಯೋದು ಏನು? 'ಪ್ರಕೃತಿ ಹಾಳಾಗ್ತದೆ, ಸಂಸ್ಕೃತಿ ಹಾಳಾಗ್ತದೆ' ಅನ್ನೋದು ನಿಜವೇ, ಆದರೆ ಅದಕ್ಕೆ ಉತ್ತರ ಬರೆಯೋದು ಅವರಿಗೆ ಕಷ್ಟ ಅಲ್ಲ. ಉತ್ತರ ಕಷ್ಟವಾಗುವ ಪ್ರಶ್ನೆ ಕೇಳಿ. ರಸ್ತೆ ಬೇಕೋ ಬೇಡವೋ ಅಂತ ವಾದ ಮಾಡಬೇಡಿ, ಈ ಗೆರೆ ಇಲ್ಲೇ ಯಾಕೆ ಬಿತ್ತು ಅಂತ ಕೇಳಿ. ಬೇರೆ ಎಷ್ಟು ದಾರಿ ನೋಡಿದ್ದೀರಿ? ಪ್ರತಿಯೊಂದರಲ್ಲೂ ಗುಡ್ಡ ಎಷ್ಟು ಮೀಟರ್ ಕೊರೆಯಬೇಕು? ತೆಗೆದ ಮಣ್ಣು ಎಲ್ಲಿಗೆ ಸುರೀತೀರಿ? ನನ್ನ ಗದ್ದೆಗೆ ನೀರು ಬರುವ ತೋಡು ಎಲ್ಲಿಂದ ದಾಟ್ತದೆ?

ಕೊಡಗಲ್ಲಿ ಮಣ್ಣಿನ ಪ್ರಶ್ನೆ ಸಣ್ಣದಲ್ಲ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಇಳಿದು ಮಡಿಕೇರಿ–ಸಂಪಾಜೆ ದಾರಿ ವಾರಗಟ್ಟಲೆ ಮುಚ್ಚಿದ್ದು ಎಲ್ಲರಿಗೂ ನೆನಪುಂಟು. ಆಮೇಲೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದವರು, ಇಳಿಜಾರನ್ನು ಮನುಷ್ಯರೇ ಅಡ್ಡಾದಿಡ್ಡಿ ಕಡಿದದ್ದನ್ನೂ ಕಾರಣವಾಗಿ ಎತ್ತಿ ತೋರಿಸಿದರು. ನಿಮ್ಮ ಜಾಗದ ಇಳಿಜಾರಿನ ಫೋಟೋ, ಆ ವರ್ಷ ಬಿರುಕು ಬಿಟ್ಟಿದ್ದರೆ ಅದರ ಫೋಟೋ, ಪಂಚಾಯಿತಿಗೆ ಆಗ ಕೊಟ್ಟ ಅರ್ಜಿಯ ಪ್ರತಿ ಲಗತ್ತಿಸಿ. ಇಂಥ ಕಾಗದ ಫೈಲಿನಲ್ಲಿದ್ದರೆ ನಾಳೆ ಹೈಕೋರ್ಟಿನಲ್ಲಿ 'ಇದನ್ನು ನೋಡಿಯೇ ಇಲ್ಲ' ಅಂತ ಹೇಳಲು ನಮಗೂ ಒಂದು ಆಧಾರ.

ಪ್ರಶ್ನೆ: ಪರಿಸರ ಅನುಮತಿಗೆ ಸಾರ್ವಜನಿಕ ಅಹವಾಲು ಸಭೆ ಇಟ್ಟೇ ಇಡ್ತಾರೆ, ಅಲ್ಲಿ ನೋಡಿಕೊಳ್ಳೋಣ ಅಂತ ನಮ್ಮ ಕಡೆ ಒಬ್ಬರು ಹೇಳ್ತಿದ್ದಾರೆ.

ವಕೀಲೆ: ಅವರಿಗೆ ನನ್ನ ನಮಸ್ಕಾರ ಹೇಳಿ, ಹಾಗೇ ಇದನ್ನೂ ಹೇಳಿ. 2006ರ ಪರಿಸರ ಪರಿಣಾಮ ಅಧಿಸೂಚನೆಯಲ್ಲಿ ಹೊಸ ರಾಷ್ಟ್ರೀಯ ಹೆದ್ದಾರಿಗೆ ಅನುಮತಿ ಬೇಕು. ಆದರೆ ಇರುವ ಹೆದ್ದಾರಿಯ 'ವಿಸ್ತರಣೆ' ಅಂತ ಫೈಲಿನಲ್ಲಿ ಬರೆದರೆ, 2013ರ ತಿದ್ದುಪಡಿಯ ನಂತರ ಲೆಕ್ಕ ಬೇರೆ: ಉದ್ದ 100 ಕಿ.ಮೀ. ದಾಟಬೇಕು, ಜೊತೆಗೆ ಹೆಚ್ಚುವರಿ ಜಾಗ ಹಳೆ ದಾರಿಯಲ್ಲಿ 40 ಮೀಟರ್, ಬೈಪಾಸಿನಲ್ಲಿ 60 ಮೀಟರ್ ಮೀರಬೇಕು. ಅಂದರೆ ಹತ್ತು ಹನ್ನೆರಡು ಕಿ.ಮೀ. ಬೈಪಾಸನ್ನು ವಿಸ್ತರಣೆಯ ಲೆಕ್ಕದಲ್ಲಿ ತೋರಿಸಿದರೆ ಅಹವಾಲು ಸಭೆಯೇ ಇಲ್ಲದೆ ಹೋಗಬಹುದು. ಉತ್ತರಾಖಂಡದ ಚಾರ್‌ಧಾಮ್ ರಸ್ತೆಯಲ್ಲಿ ಕೆಲಸವನ್ನು ತುಂಡು ತುಂಡು ಮಾಡಿದ್ದಾರೆ ಅಂತ ಆಕ್ಷೇಪ ಬಂದದ್ದು ಇದೇ ಕಾರಣಕ್ಕೆ. ಅಲ್ಲಿ ಸುಪ್ರೀಂ ಕೋರ್ಟ್ 2020ರ ಸೆಪ್ಟೆಂಬರ್‌ನಲ್ಲಿ ಅಗಲ 5.5 ಮೀಟರ್ ಸಾಕು ಅಂದಿತು. 2021ರ ಡಿಸೆಂಬರ್‌ನಲ್ಲಿ ಗಡಿಭದ್ರತೆಯ ಕಾರಣಕ್ಕೆ ಅದೇ ಕೋರ್ಟು ದ್ವಿಪಥಕ್ಕೆ ಒಪ್ಪಿತು. ನಮ್ಮ ಬೈಪಾಸಿನಾಚೆ ಗಡಿ ಇಲ್ಲ, ಕೇರಳ ಇದೆ. ಹಾಗಾಗಿ ಅಗಲದ ಪ್ರಶ್ನೆಯನ್ನು ನಾವು ಧಾರಾಳವಾಗಿ ಕೇಳಬಹುದು.

ಅಹವಾಲು ಸಭೆ ಇಟ್ಟರೆ ಮಾಲಿನ್ಯ ನಿಯಂತ್ರಣ ಮಂಡಳಿ 30 ದಿನದ ಮುಂಗಡ ಸೂಚನೆ ಕೊಡಬೇಕು. ಬಂದರೆ ಒಳ್ಳೇದು. ಬರ್ತದೆ ಅಂತ ನಂಬಿ 21 ದಿನ ಕಳಕೊಳ್ಳಬೇಡಿ.

ಪ್ರಶ್ನೆ: ನನ್ನದು ಜಾಗದ ಪ್ರಶ್ನೆ ಅಲ್ಲ, ಮಂದ್ ಮತ್ತು ದೇವರಕಾಡಿನದ್ದು. ಅದು ಯಾರ ಹೆಸರಲ್ಲೂ ಇಲ್ಲ. ಆಕ್ಷೇಪಣೆ ಹಾಕೋದು ಯಾರು?

ವಕೀಲೆ: ಈ ಸಂಜೆಯ ಒಳ್ಳೆ ಪ್ರಶ್ನೆ ಇದು. ಸರ್ಕಾರಿ ಜಾಗವನ್ನು ಸರ್ಕಾರ ಸ್ವಾಧೀನ ಮಾಡಿಕೊಳ್ಳಬೇಕಾಗಿಲ್ಲ. ಹಾಗಾಗಿ ಪೈಸಾರಿ (ಸರ್ಕಾರಿ ಪಾಳು ಜಾಗ), ದೇವರಕಾಡು ಅನೇಕ ವೇಳೆ 3ಎ ಪಟ್ಟಿಯಲ್ಲಿ ಇರೋದೇ ಇಲ್ಲ. ಊರವರು ಪಟ್ಟಿ ನೋಡ್ತಾರೆ, ಮಂದ್‌ನ ನಂಬರ್ ಕಾಣಲಿಲ್ಲ, ಸದ್ಯ ಉಳೀತು ಅಂತ ಸುಮ್ಮನಾಗ್ತಾರೆ. ಉಳಿದಿರೋದಿಲ್ಲ. ಎಡಬಲದ ಸರ್ವೆ ನಂಬರ್‌ಗಳನ್ನು ಗ್ರಾಮನಕ್ಷೆಯ ಮೇಲೆ ಗುರುತು ಹಾಕಿ ನೋಡಿ, ನಡುವಿನ ಜಾಗ ಯಾವುದು ಅಂತ ತಾನಾಗಿ ಕಾಣ್ತದೆ.

ದೇವರಕಾಡಿಗೆ ಕಾವಲು ಗಟ್ಟಿ. ಕೊಡಗಲ್ಲಿ 1,200ಕ್ಕೂ ಹೆಚ್ಚು ದೇವರಕಾಡು ದಾಖಲೆಯಲ್ಲಿವೆ. ಸರ್ಕಾರಿ ದಾಖಲೆಯಲ್ಲಿ ಅರಣ್ಯ ಅಂತ ಇರುವ ಜಾಗ ಯಾರದ್ದೇ ಆಗಿರಲಿ, ಅರಣ್ಯ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರ್ತದೆ ಅಂತ ಸುಪ್ರೀಂ ಕೋರ್ಟ್ 1996ರ ಡಿಸೆಂಬರ್ 12ರ ಗೋದಾವರ್ಮನ್ ಆದೇಶದಲ್ಲಿ ಹೇಳಿದೆ. ಅಲ್ಲಿ ರಸ್ತೆಗೆ ಕೇಂದ್ರದ ಅನುಮತಿ ಬೇಕು. ಆ ಅರ್ಜಿ 'ಪರಿವೇಶ್' ಜಾಲತಾಣದಲ್ಲಿ ನಕ್ಷೆ ಸಮೇತ ಸಿಗ್ತದೆ. ಕೆಲವೊಮ್ಮೆ ಊರಿನವರಿಗೆ ರಸ್ತೆಯ ನಿಖರವಾದ ಗೆರೆ ಮೊದಲು ಕಾಣೋದು ಅಲ್ಲಿಯೇ. ಕಾಲೇಜಿಗೆ ಹೋಗುವ ಮಕ್ಕಳಿಗೆ ಹೇಳಿದರೆ ಐದು ನಿಮಿಷದಲ್ಲಿ ಮೊಬೈಲ್ ನಕ್ಷೆಯ ಮೇಲೆ ಇಟ್ಟು ತೋರಿಸ್ತಾರೆ. ಒಂದು ಭ್ರಮೆ ಮಾತ್ರ ಬಿಡಿ. ಗ್ರಾಮಸಭೆ ಒಪ್ಪದಿದ್ದರೆ ರಸ್ತೆ ನಿಲ್ತದೆ ಅಂತ ಭಾಷಣದಲ್ಲಿ ಹೇಳ್ತಾರಲ್ಲ, ಅರಣ್ಯ ಹಕ್ಕು ಕಾಯ್ದೆಯಡಿಯ ಆ ಒಪ್ಪಿಗೆಯ ಷರತ್ತಿನಿಂದ ರಸ್ತೆ, ಕಾಲುವೆ, ವಿದ್ಯುತ್ ಲೈನಿನಂಥ ಉದ್ದುದ್ದದ ಯೋಜನೆಗಳಿಗೆ ಕೇಂದ್ರ 2013ರ ಫೆಬ್ರವರಿಯಲ್ಲೇ ವಿನಾಯಿತಿ ಕೊಟ್ಟಿದೆ.

ಮಂದ್ ಬಡಪಾಯಿ. ಎಷ್ಟೋ ಕಡೆ ಆರ್‌ಟಿಸಿಯಲ್ಲಿ ಬರೀ ಪೈಸಾರಿ. ತಲೆತಲಾಂತರದಿಂದ ಅಲ್ಲಿ ಕುಣಿದದ್ದು ಯಾವ ಕಾಲಂನಲ್ಲೂ ಇಲ್ಲ. ಇವತ್ತೇ ಗ್ರಾಮ ಪಂಚಾಯಿತಿಯಿಂದ ನಿರ್ಣಯ ಮಾಡಿಸಿ, ಊರ ತಕ್ಕರ (ಊರಿನ ಮುಖ್ಯಸ್ಥರ) ಹೇಳಿಕೆ, ಹಬ್ಬದ ಹಳೆ ಫೋಟೋ ಇಟ್ಟು ತಹಶೀಲ್ದಾರರಿಗೆ ಅರ್ಜಿ ಕೊಡಿ, ಮಂದ್ ಅಂತಲೇ ದಾಖಲಾಗಲಿ. ಬೈಪಾಸ್ ಬರದಿದ್ದರೂ ಮಾಡಬೇಕಾದ ಕೆಲಸ ಇದು.

ಸದಸ್ಯರೊಬ್ಬರು: ಎಲ್ಲದಕ್ಕೂ ವಿರೋಧ ಅಂದರೆ ಹೇಗೆ? 2019ರಲ್ಲಿ ತುರ್ತು ಆಸ್ಪತ್ರೆ ಬೇಕು ಅಂತ ಇಡೀ ಕೊಡಗೇ ಜಾಲತಾಣದಲ್ಲಿ ಕೂಗಿತು. ನನ್ನ ತಂದೆಯನ್ನು ಮೈಸೂರಿಗೆ ಕರೆದುಕೊಂಡು ಹೋಗುವಾಗ ಆಂಬ್ಯುಲೆನ್ಸ್ ನಮ್ಮದೇ ಪೇಟೆ ಬೀದಿಯಲ್ಲಿ ಪ್ರವಾಸಿಗರ ಕಾರಿನ ಹಿಂದೆ ಮುಕ್ಕಾಲು ಗಂಟೆ ನಿಂತಿತ್ತು. ತೋಟ ಇದ್ದವರಿಗೆ ಮಂದ್, ದೇವರಕಾಡು. ನಮಗೆ ರಸ್ತೆ ಬೇಕು.

ವಕೀಲೆ: ಅಣ್ಣ, ನಿಮ್ಮ ಮಾತನ್ನು ತಳ್ಳಿಹಾಕೋದಿಲ್ಲ. ಪೇಟೆ ಬೀದಿಯಲ್ಲಿ ಶನಿವಾರ ನಾನೂ ನಿಂತಿದ್ದೇನೆ. ಬೈಪಾಸೇ ಬೇಡ ಅಂತ ನಾನು ಯಾರಿಗೂ ಹೇಳಿಕೊಟ್ಟಿಲ್ಲ. ಆದರೆ ಆಂಬ್ಯುಲೆನ್ಸಿಗೆ ಬೇಕಾದದ್ದು ತಡೆಯಿಲ್ಲದ ಎರಡು ಪಥ. ಮೈಸೂರು–ಕುಶಾಲನಗರದ ನಡುವೆ ಸುಮಾರು 92 ಕಿ.ಮೀ. ಚತುಷ್ಪಥಕ್ಕೆ 2023ರ ಮಾರ್ಚ್‌ನಲ್ಲಿ ಶಂಕುಸ್ಥಾಪನೆ ಆಯಿತು. ಆ ಬಯಲುಸೀಮೆಯ ಅಗಲವನ್ನೇ ಗುಡ್ಡದ ಮೇಲೂ ಎಳೀಬೇಕಾ ಅನ್ನೋದು ನನ್ನ ಪ್ರಶ್ನೆ. ಅಗಲ ಹೆಚ್ಚಿದಷ್ಟೂ ಗುಡ್ಡ ಕೊರೆಯೋದು ಹೆಚ್ಚು, ಮಳೆಗಾಲದಲ್ಲಿ ಮುಚ್ಚುವ ದಿನವೂ ಹೆಚ್ಚು. ಮುಚ್ಚಿದ ನಾಲ್ಕು ಪಥದಲ್ಲಿ ಆಂಬ್ಯುಲೆನ್ಸ್ ಹೋಗೋದಿಲ್ಲ.

ಅದೇ ಸದಸ್ಯರು: ಎರಡು ಪಥ ಆದರೆ ನನ್ನ ತಕರಾರಿಲ್ಲ.

ಪ್ರಶ್ನೆ: ಪರಿಹಾರದ ಬಗ್ಗೆ ಹೇಳಿ ಮೇಡಂ. ನಮ್ಮದು ಜಮ್ಮಾ ಬಾಣೆ, ಕುಟುಂಬಕ್ಕೆ ವಂಶಪಾರಂಪರ್ಯವಾಗಿ ಬಂದ ಜಾಗ. ಆರ್‌ಟಿಸಿಯಲ್ಲಿ ಇನ್ನೂ ಮುತ್ತಜ್ಜನ ಹೆಸರು 'ಮತ್ತು ಇತರರು' ಅಂತ ಉಂಟು. ಒಕ್ಕದಲ್ಲಿ, ಅಂದರೆ ಕೂಡುಕುಟುಂಬದಲ್ಲಿ, 40 ಜನ, ಕೆಲವರು ಬೆಂಗಳೂರು, ಕೆಲವರು ಕೆನಡಾ.

ವಕೀಲೆ: ಹಾಗಾದರೆ ಹೆದ್ದಾರಿಯವರಿಗಿಂತ ಮೊದಲು ನಿಮ್ಮ ಜಗಳ ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲೇ ಶುರು. ಯಾರಿಗೆ ಎಷ್ಟು ಅಂತ ತಕರಾರು ಬಂದರೆ ಅಧಿಕಾರಿ ಅದನ್ನು ಸಿವಿಲ್ ಕೋರ್ಟಿಗೆ ಕಳಿಸ್ತಾರೆ. ದುಡ್ಡು ಅಲ್ಲಿ ಮಲಗ್ತದೆ, ರಸ್ತೆ ಮಾತ್ರ ಮುಂದೆ ಹೋಗ್ತದೆ. ವಂಶವೃಕ್ಷ, ಹಳೆ ಜಮಾಬಂದಿ ನಕಲು, ಯಾರು ಎಷ್ಟು ಏಕರೆ ಅನುಭವದಲ್ಲಿದ್ದಾರೆ ಅಂತ ಒಪ್ಪಿದ ಸ್ಕೆಚ್, ಈ ಮೂರನ್ನು ಎಲ್ಲರೂ ಊರಿಗೆ ಬರುವ ಹಬ್ಬದಲ್ಲಿ ಕೂತು ಮುಗಿಸಿ.

ಇನ್ನೊಂದು ಹೊಡೆತ ಮರದ್ದು. ನಿಮ್ಮ ಬಾಣೆ ರಿಡೀಮ್ಡ್ (ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಂಡದ್ದು) ಅಥವಾ ಅನ್‌ರಿಡೀಮ್ಡ್ ನೋಡಿ. ಅನ್‌ರಿಡೀಮ್ಡ್ ಆದರೆ ಮರದ ಮೇಲಿನ ಹಕ್ಕು ಸರ್ಕಾರದ್ದು, ನೂರು ವರ್ಷದ ಬೀಟೆ ನಿಮ್ಮ ತೋಟದಲ್ಲೇ ನಿಂತಿದ್ದರೂ ಅದರ ಬೆಲೆ ನಿಮಗೆ ಬರೋದಿಲ್ಲ.

ಜಾಗದ ಬೆಲೆ ಈಗ 2013ರ ಭೂಸ್ವಾಧೀನ ಕಾಯ್ದೆಯ ಲೆಕ್ಕದಲ್ಲಿ: ಮಾರ್ಗಸೂಚಿ ದರ, ಹತ್ತಿರದ ಕ್ರಯಗಳಲ್ಲಿ ಮೇಲಿನ ಅರ್ಧದ ಸರಾಸರಿ, ಇವುಗಳಲ್ಲಿ ಹೆಚ್ಚಿನದು. ಅದಕ್ಕೆ ಹಳ್ಳಿಯಲ್ಲಿ ಒಂದರಿಂದ ಎರಡರವರೆಗಿನ ಗುಣಕ, ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದರೆ ಬಲವಂತವಾಗಿ ಜಾಗ ಕಳಕೊಂಡದ್ದಕ್ಕೆ ಕೊಡುವ ಹೆಚ್ಚುವರಿ ಹಣ. ಸ್ಟಾಂಪ್ ಉಳಿಸಲು ಕ್ರಯಪತ್ರದಲ್ಲಿ ಅರ್ಧ ಬೆಲೆ ಬರೆಸಿದವರೆಲ್ಲ ಈಗ ಕೈ ಹಿಸುಕಿಕೊಳ್ತಾರೆ. ಒಬ್ಬರು ಉಳಿಸಿದ ದುಡ್ಡಿಗೆ ಪಕ್ಕದ ಹತ್ತು ಜನರ ಪರಿಹಾರ ಇಳೀತದೆ.

ತುಂಬ ಜನ ಮರೆಯುವ ಒಂದು ಬಾಬತ್ತು ಉಂಟು. ಜಾಗ ಎರಡು ತುಂಡಾದರೆ ಅದರ ನಷ್ಟ ಬೇರೆಯೇ ಕೊಡಬೇಕು ಅಂತ ಹೆದ್ದಾರಿ ಕಾಯ್ದೆಯ 3ಜಿ(7)ರಲ್ಲಿದೆ. ಕೆರೆ ರಸ್ತೆಯ ಆಚೆ, ಕಣ ಮತ್ತು ಲೈನ್ ಮನೆ ಈಚೆ ಆಯಿತು ಅಂದುಕೊಳ್ಳಿ. ಫೆಬ್ರವರಿಯಲ್ಲಿ ಹೂವಿಗೆ ಸ್ಪ್ರಿಂಕ್ಲರ್ ಹಾಕಲು ಪೈಪು ಹೆದ್ದಾರಿ ದಾಟಬೇಕಲ್ಲ? ನೆರಳಿನ ಮರ ಹೋದ ಅಂಚಲ್ಲಿ ಗಿಡ ಬಿಸಿಲಿಗೆ ಸುಡ್ತದೆ. ಹೊಸ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ. ಇದನ್ನೆಲ್ಲ ಲೆಕ್ಕ ಹಾಕಿ ಕ್ಲೇಮಿನಲ್ಲಿ ಬರೆಯಿರಿ. ಬರೆಯದೇ ಇದ್ದದ್ದನ್ನು ಯಾರೂ ತಾವಾಗಿ ಕೊಡೋದಿಲ್ಲ. ಮೊತ್ತ ಕಡಿಮೆ ಅನ್ನಿಸಿದರೆ ಮಧ್ಯಸ್ಥಗಾರರ ಮುಂದೆ ಹೋಗಬಹುದು, ಸಾಮಾನ್ಯವಾಗಿ ಜಿಲ್ಲಾಧಿಕಾರಿಯೇ ಆ ಸ್ಥಾನದಲ್ಲಿರ್ತಾರೆ.

ಪ್ರಶ್ನೆ: ಕೋರ್ಟಿಗೆ ಹೋದರೆ ನಿಲ್ತದಾ? ನೇರ ಉತ್ತರ ಕೊಡಿ ಅಕ್ಕ.

ವಕೀಲೆ: ಪೂರ್ತಿ ನಿಲ್ಲೋದು ಅಪರೂಪ. 277 ಕಿ.ಮೀ. ಚೆನ್ನೈ–ಸೇಲಂ ಎಂಟು ಪಥದ ರಸ್ತೆಯ ಸ್ವಾಧೀನವನ್ನು ಮದ್ರಾಸ್ ಹೈಕೋರ್ಟ್ 2019ರ ಏಪ್ರಿಲ್‌ನಲ್ಲಿ ರದ್ದು ಮಾಡಿತು. ರೈತರು ಪಟಾಕಿ ಹೊಡೆದರು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಪರಿಸರ ಅನುಮತಿ 3ಎಗೆ ಮುಂಚೆಯೇ ಬೇಕಿಲ್ಲ, ಕೆಲಸ ಶುರುವಿಗೆ ಮುಂಚೆ ಇದ್ದರೆ ಸಾಕು ಅಂತ ಹೇಳಿ ಸ್ವಾಧೀನ ಮುಂದುವರಿಸಲು ಬಿಟ್ಟಿತು. ಕೋರ್ಟಿನ ಭರವಸೆ ಕೊಟ್ಟು ಫೀಸು ತೆಗೆದುಕೊಳ್ಳೋದು ನನಗೆ ಕಷ್ಟವಲ್ಲ. ಆದರೆ ಗೆರೆ ಸರಿಯೋದು ಹೆಚ್ಚಾಗಿ ಕೋರ್ಟಿಗೆ ಮುಂಚೆ, ಅದಿನ್ನೂ ಸಲಹೆಗಾರ ಕಂಪನಿಯ ಕಂಪ್ಯೂಟರಿನಲ್ಲಿ ಇರುವಾಗ. ಸ್ವಾಧೀನ ಖಚಿತ ಅಂತ ಗೆಜೆಟ್‌ನಲ್ಲಿ ಹೇಳುವ 3ಡಿ ಘೋಷಣೆ ಆದರೆ ಆ ಕ್ಷಣಕ್ಕೆ ಜಾಗ ಕೇಂದ್ರದ್ದು. 3ಎ ಆಗಿ ಒಂದು ವರ್ಷದೊಳಗೆ 3ಡಿ ಆಗದಿದ್ದರೆ ಮಾತ್ರ ಆ 3ಎ ಬಿದ್ದುಹೋಗ್ತದೆ, ತಡೆಯಾಜ್ಞೆ ಇದ್ದ ದಿನಗಳನ್ನು ಬಿಟ್ಟು.

ಪ್ರಶ್ನೆ: ಹಾಗಾದರೆ ನಾಳೆ ಸೋಮವಾರ ಮೊದಲು ಯಾವ ಕಚೇರಿಗೆ?

ವಕೀಲೆ: 10 ರೂಪಾಯಿ ಶುಲ್ಕ ಇಟ್ಟು ಹೆದ್ದಾರಿ ಯೋಜನೆಯ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ: ಪರಿಶೀಲಿಸಿದ ಎಲ್ಲ ಪರ್ಯಾಯ ಮಾರ್ಗಗಳ ನಕ್ಷೆ, ಅವುಗಳ ಹೋಲಿಕೆಯ ಪಟ್ಟಿ, ಮಣ್ಣು ಸುರಿಯುವ ಜಾಗಗಳ ಪಟ್ಟಿ. 30 ದಿನದಲ್ಲಿ ಉತ್ತರ ಕೊಡಬೇಕು. ಅಲ್ಲಿಂದ ತಾಲೂಕು ಕಚೇರಿ, ಮಂದ್‌ನ ಆರ್‌ಟಿಸಿ ಮತ್ತು ಗ್ರಾಮನಕ್ಷೆ. ಧರಣಿ ಮಂಗಳವಾರಕ್ಕೆ ಇಟ್ಟುಕೊಳ್ಳಿ, ನಾನೂ ಬರ್ತೇನೆ. ಆ ಗೂಟ ಮಾತ್ರ ಯಾರೂ ಕೀಳಬೇಡಿ. ಪಕ್ಕದಲ್ಲಿ ನಿಂತು ಫೋಟೋ ತೆಗೆದು, ದಿನಾಂಕ ಹಾಕಿ ಇಟ್ಟುಕೊಳ್ಳಿ.

ಅಡ್ಮಿನ್: ಗೂಟ ಈಗಾಗಲೇ ಕಿತ್ತಾಗಿದೆ ಮೇಡಂ. ಫೋಟೋ ಇದೆ.

ವಕೀಲೆ: ಕಿತ್ತವರ ಫೋಟೋ ಗುಂಪಿಗೆ ಹಾಕಬೇಡಿ.