ಅಪ್‌ಡೇಟ್: ಕೆಜಿಎಫ್‌ನ ಹಳೇ ಚಮಚಗಳು ಬೆಳ್ಳಿ ಲೇಪದವು

ಕೆಜಿಎಫ್‌ನ ಹಳೇ ಸಾಮಾನಿನಲ್ಲಿ ಸಿಕ್ಕ ಆರು ಚಮಚ ಬೆಳ್ಳಿಯವೇ, ಯಾವ ಕಾಲದವು ಅಂತ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಆಯಸ್ಕಾಂತಕ್ಕೆ ಅಂಟುತ್ತಾ ನೋಡಿ ಎಂದು ಕೆಲವರು ಕೊಟ್ಟ ಸಲಹೆ ಉಪಯೋಗಕ್ಕೆ ಬರಲಿಲ್ಲ. ಬೆಳ್ಳಿಯಂತೆ, ಲೇಪದ ಒಳಗಿನ ನಿಕಲ್ ಸಿಲ್ವರ್ (ಬೆಳ್ಳಿಯಿಲ್ಲದ ತಾಮ್ರ, ನಿಕಲ್, ಸತುವಿನ ಮಿಶ್ರಲೋಹ) ಕೂಡ ಅಂಟುವುದಿಲ್ಲ. ಕೈಹಿಡಿದದ್ದು ನೀರಿನ ಪರೀಕ್ಷೆ. ತಕ್ಕಡಿ ಮೇಲೆ ನೀರಿನ ಲೋಟವಿಟ್ಟು ಸೊನ್ನೆ ಮಾಡಿ, ದಾರ ಕಟ್ಟಿದ ಚಮಚವನ್ನು ತಳ ತಾಗದಂತೆ ಪೂರ್ತಿ ಮುಳುಗಿಸಿದಾಗ 6.0 ಗ್ರಾಂ ತೋರಿಸಿತು. ಚಮಚದ ತೂಕ 52.2 ಗ್ರಾಂ, ಭಾಗಿಸಿದರೆ 8.7, ಅಂದರೆ ಅಷ್ಟೇ ಗಾತ್ರದ ನೀರಿಗಿಂತ 8.7 ಪಟ್ಟು ಭಾರ. ಸ್ಟರ್ಲಿಂಗ್ ಬೆಳ್ಳಿಯಾದರೆ (92.5% ಬೆಳ್ಳಿ) ಸುಮಾರು 10.3 ಬರಬೇಕು. ಗಾಳಿಗುಳ್ಳೆ ಅಂಟಿದ್ದರೆ ಬೆಳ್ಳಿಯೂ ಕಡಿಮೆ ತೋರಿಸುತ್ತೆ, ಒದರಿ ತೆಗೆಯಿರಿ.

ಅಚ್ಚರಿಯೆಂದರೆ ಹಿಡಿಯ ಹಿಂದಿನ ಮುದ್ರೆ. ಹಾಲ್‌ಮಾರ್ಕ್‌ನಂತೆ ಬೇರೆಬೇರೆ ಚೌಕದಲ್ಲಿದ್ದದ್ದು ಇ, ಪಿ, ಎನ್, ಎಸ್ ಅಕ್ಷರಗಳು, ಅಂದರೆ ಎಲೆಕ್ಟ್ರೋ ಪ್ಲೇಟೆಡ್ ನಿಕಲ್ ಸಿಲ್ವರ್ (ವಿದ್ಯುತ್ತಿನಿಂದ ಬೆಳ್ಳಿ ಲೇಪಿಸಿದ ನಿಕಲ್ ಸಿಲ್ವರ್)! ಇಂಗ್ಲೆಂಡಿನ ಸ್ಟರ್ಲಿಂಗ್ ಬೆಳ್ಳಿಯ ಗುರುತಾದ ನಡೆಯುವ ಸಿಂಹ ಇಲ್ಲ. ಅಕ್ಷರಗಳ ಜೊತೆಗೆ ಕಿರೀಟದ ಗುರುತಿದೆ; ಲೇಪದ ಸಾಮಾನಿಗೆ ಅದನ್ನು ಬ್ರಿಟನ್‌ನಲ್ಲಿ 1896ರಲ್ಲಿ ನಿಷೇಧಿಸಿದ್ದರಿಂದ ಇವು ಬಹುಶಃ ಅದಕ್ಕೂ ಹಿಂದಿನವು. ಲೆನ್ಸ್ ಹಿಡಿದು ನೋಡಿ ಎಂದವರಿಗೆ ತುಂಬಾ ಥ್ಯಾಂಕ್ಸ್.