ಪದಚರ್ಚೆ: ಹಳೇ ಬೇಸ್ ಗಿಟಾರ್ ಕೊಟ್ಟು ಹೊಸದು ಕೊಳ್ಳೋದಕ್ಕೆ ಏನನ್ನೋಣ? (ಸಂಜೆಯೊಳಗೆ ಬೇಕು)

ನಮಸ್ಕಾರ. ಗೆಳೆಯನ ವಾದ್ಯದಂಗಡಿಯ ಗಾಜಿನ ಮೇಲೆ ಅಂಟಿಸಲು ಒಂದು ಸಾಲು ಬೇಕು. ಅಕ್ಷರ ಕತ್ತರಿಸುವವರು ಏಳಕ್ಕೆ ಬಾಗಿಲು ಹಾಕುತ್ತಾರೆ. ವಿಷಯ ಇಷ್ಟೇ. ಹಳೇ ನಾಲ್ಕು ತಂತಿಯ ಬೇಸ್ ತಂದರೆ ನೆಕ್ ಬಾಗಿದೆಯಾ, ಫ್ರೆಟ್ ಸವೆದಿದೆಯಾ, ಗುಂಡಿ ತಿರುಗಿಸಿದರೆ ಗರಗರ ಅನ್ನುತ್ತಾ ಅಂತ ನೋಡಿ ಬೆಲೆ ಕಟ್ಟುತ್ತಾರೆ. ಹೊಸ ಐದು ತಂತಿಯದ್ದರ ಬೆಲೆಯಲ್ಲಿ ಅದನ್ನು ಕಳೆದು ಉಳಿದದ್ದು ಗಿರಾಕಿ ಕೊಡಬೇಕು. ಹಳೇದಕ್ಕೆ ಕೈಗೆ ದುಡ್ಡು ಕೊಡುವುದಿಲ್ಲ. ಅವನು ಬರೆದಿಟ್ಟಿರುವುದು 'ಬೇಸ್ ಗಿಟಾರ್ ಎಕ್ಸ್‌ಚೇಂಜ್ ಸೌಲಭ್ಯವಿದೆ'. ನಾಮಫಲಕದಲ್ಲಿ ಶೇ 60 ಕನ್ನಡ ಅಂತ 2024ರಲ್ಲಿ ಕಾನೂನು ಬಿಗಿಯಾದ ಮೇಲೆ ಬೆಂಗಳೂರಲ್ಲಿ ಎಷ್ಟೋ ಅಂಗಡಿಯವರು ಮಾಡಿದ್ದು ಇದನ್ನೇ ಅಲ್ವಾ, ಇಂಗ್ಲಿಷಿಗೆ ಕನ್ನಡ ಅಕ್ಷರ ತೊಡಿಸಿದ್ದು. ಚೂರು ಚೆನ್ನಾಗಿರೋದು ಸಿಗುತ್ತಾ? ಜಾಗ ಎರಡೂವರೆ ಅಡಿ.
– ಕಾಕ್ಸ್‌ಟೌನ್

ವಿನಿಮಯ. ಇದಕ್ಕೂ ಚರ್ಚೆ ಬೇಕಾ?
– ರಾಜಾಜಿನಗರ

ಗಾಜಿನ ಮೇಲೆ 'ವಿನಿಮಯ' ಅಂತ ಬರೆದರೆ ಡಾಲರ್ ಹಿಡಿದುಕೊಂಡು ಬರುತ್ತಾರೆ. 'ಬದಲಿ' ಅಂತ ಯಾರಾದರೂ ಹೇಳುವ ಮೊದಲೇ ಹೇಳಿಬಿಡುತ್ತೇನೆ, ಈ ಊರಲ್ಲಿ ಬದಲಿ ಅಂದರೆ ನಿವೇಶನ.
– ವಿಜಯನಗರ

'ಬದಲಿ'ಯನ್ನು ಬಿಡಲು ಅದಕ್ಕಿಂತ ದೊಡ್ಡ ಕಾರಣ ಇದೆ. ಅದು ಅರಬ್ಬಿಯ 'ಬದಲ್'. ವಿನಿಮಯ ಸಂಸ್ಕೃತದ್ದು. ನಮ್ಮದೇ ಪದ ಕಣ್ಣೆದುರಿಗಿದೆ, 'ಮಾರು'. ಇವತ್ತು ಅದಕ್ಕೆ ದುಡ್ಡಿಗೆ ಕೊಡೋದು ಅನ್ನುವ ಅರ್ಥ ಒಂದೇ ಉಳಿದಿದೆ. ಹಳಗನ್ನಡದಲ್ಲಿ ಅದು ಶಕಟರೇಫದ 'ಮಾಱು', ಒಂದು ಕೊಟ್ಟು ಇನ್ನೊಂದು ಪಡೆಯೋದೂ ಅದರ ಅರ್ಥ. ತಮಿಳಿನಲ್ಲಿ ಇದೇ ಬೇರಿಗೆ ಈಗಲೂ ಬದಲಾಗು ಅನ್ನೋ ಅರ್ಥ ಇದೆ. ನಮ್ಮ 'ಮಾರ್ಪಾಡು' ಎಲ್ಲಿಂದ ಬಂತು ಅಂದುಕೊಂಡಿರಿ? ಹಾಗಾಗಿ 'ಮಾರುಕೊಳು'. ಬೇಸ್‌ಗೆ 'ತಗ್ಗುದನಿ'. 13ನೇ ಶತಮಾನದ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ದೂರ ಇಟ್ಟು ಇಡೀ ಕಾವ್ಯ ಬರೆದ. ನಮ್ಮಿಂದ ಎರಡೂವರೆ ಅಡಿ ಆಗಲ್ವಾ?
– ಬಸವನಗುಡಿ

ಆಂಡಯ್ಯ ಅಂಗಡಿ ಇಟ್ಟಿರಲಿಲ್ಲ.
– ವಿಜಯನಗರ

ಬಸವನಗುಡಿಯವರ ವ್ಯುತ್ಪತ್ತಿ ಸರಿ, ಪದ ನಡೆಯೋದಿಲ್ಲ. 'ಮಾರುಕೊಳು'ವನ್ನು ದಾರಿಯಲ್ಲಿ ಹೋಗುವವರು 'ಮಾರಿಕೊಳ್ಳಿ' ಅಂತಲೇ ಓದುತ್ತಾರೆ. 'ತಗ್ಗುದನಿ' ಅಂದರೆ ಮೆತ್ತಗೆ ಮಾತಾಡೋದು. ಬೇಸ್ ಕೆಳಗಿನ ಸ್ಥಾಯಿಯ ವಾದ್ಯ, ಗಿಟಾರಿನ ದಪ್ಪ ನಾಲ್ಕು ತಂತಿಗಳಿಗಿಂತ ಒಂದು ಸ್ಥಾಯಿ ಕೆಳಗೆ. ಆಂಪ್ಲಿಫೈಯರ್ ಏರಿಸಿದರೆ ಗೋಡೆ ನಡುಗುತ್ತದೆ, ತಗ್ಗುವುದೆಲ್ಲಿ ಬಂತು? ಸಂಗೀತದವರ ಪದ 'ಮಂದ್ರ'. ಅದು ಸಂಸ್ಕೃತ ಅಂತ ನಿಮಗೆ ಆಗಲ್ಲ. ಬೇಸ್ ಅಂತಲೇ ಇರಲಿ. ಫಿಡಲ್ ನಮ್ಮಲ್ಲಿ ಪಿಟೀಲು ಆಯಿತು, ಚೌಡಯ್ಯನವರು ಅದಕ್ಕೆ ಏಳು ತಂತಿ ಹಾಕಿ ನುಡಿಸಿದರು, ಅವರ ಹೆಸರಿನ ಸಭಾಂಗಣವೇ ಪಿಟೀಲಿನ ಆಕಾರದಲ್ಲಿದೆ. ಆ ಹೆಸರು ನಮ್ಮದಲ್ಲ ಅನ್ನುವವರು ಯಾರಿದ್ದಾರೆ? (ಉತ್ತರ ಕರ್ನಾಟಕದ ಗಿರಾಕಿ ಬಂದರೆ ಬೇಸ್ ಗಿಟಾರ್ ಅಂದರೆ ಚೆಂದದ ಗಿಟಾರ್ ಅಂದುಕೊಂಡಾರು. ನಷ್ಟವೇನಿಲ್ಲ.)

ಈಗ ಅಸಲು ವಿಷಯ. ನಾಮಪದ ಹುಡುಕುತ್ತಿರುವುದೇ ತಪ್ಪು. ಇಂಗ್ಲಿಷಿನಲ್ಲಿ ನಾಮಪದ ಇದೆ ಅಂತ ಇಲ್ಲೂ ಬೇಕಾ? ನಾವು ಈ ಕೆಲಸವನ್ನು ವಿಭಕ್ತಿಯಲ್ಲೋ ಕ್ರಿಯಾಪದದಲ್ಲೋ ಮುಗಿಸುತ್ತೇವೆ. ಬೀದಿಯಲ್ಲಿ 'ಹಳೇ ಬಟ್ಟೆಗೆ ಪಾತ್ರೆ' ಅಂತ ಕೂಗುತ್ತಾರಲ್ಲ, ಅಲ್ಲಿ ಚತುರ್ಥಿಯೊಂದೇ ಇಡೀ ವ್ಯಾಪಾರ ಮಾಡುತ್ತದೆ. ಹಾಗಾದರೆ 'ಹಳೇ ಬೇಸ್‌ಗೆ ಹೊಸ ಬೇಸ್' ಸಾಕಲ್ವಾ? ಸಾಲದು. ಚತುರ್ಥಿಯಲ್ಲಿ ಲೆಕ್ಕ ಅಲ್ಲಿಗೇ ಚುಕ್ತಾ. ಹಳೇದು ಕೊಟ್ಟವನು ಮೇಲೆ ದುಡ್ಡು ಯಾಕೆ ಅಂತ ಜಗಳಕ್ಕೆ ನಿಲ್ಲುತ್ತಾನೆ.

ಚಿನ್ನದಂಗಡಿಯಲ್ಲಿ ಏನನ್ನುತ್ತಾರೆ ನೋಡಿ. 'ಹಳೇ ಓಲೆ ಹಾಕಿ ಜುಮುಕಿ ತಗೊಂಡೆ.' ಈ 'ಹಾಕಿ'ಯಲ್ಲಿ ಹಳೇದು ಬೆಲೆಯ ಒಂದು ಪಾಲು ಅನ್ನೋದು ಸೇರಿದೆ. ಮುಂದಿನ ಮಾತು ತಾನಾಗಿ ಬರುತ್ತದೆ, 'ಮೇಲೆ ಐದು ಸಾವಿರ ಹಾಕಿದೆ'. ಎರಡಕ್ಕೂ ಒಂದೇ ಕ್ರಿಯಾಪದ. ನಿಮಗೆ ಬೇಕಾದ್ದು ಇದೇ.
– ಮಲ್ಲೇಶ್ವರ

ಸಂಬಳದಲ್ಲಿ 'ಮುರಿದುಕೊಂಡರು' ಅನ್ನುತ್ತೇವಲ್ಲ, ಅದು? ಅಚ್ಚಗನ್ನಡ ಬೇರೆ.
– ಹನುಮಂತನಗರ

'ಹಳೇ ಗಿಟಾರ್ ಮುರಿದುಕೊಂಡು ಹೊಸದು ಕೊಡುತ್ತೇವೆ.' ಬರೆದು ನೋಡಿ, ಯಾರು ತರುತ್ತಾರೆ ಅಂತ.
– ವಿಜಯನಗರ

ಆಡುಮಾತನ್ನೇ ಫಲಕಕ್ಕೆ ಏರಿಸಿದರೆ ಮುಂದಿನ ತಲೆಮಾರಿಗೆ ಪದ ಯಾರು ಕೊಡುತ್ತಾರೆ? ಹೀಗೇ ಬಿಟ್ಟು ಬಿಟ್ಟು ಎಲ್ಲವೂ ಎರವಲಾಯಿತು.
– ಬಸವನಗುಡಿ

ಸ್ವಾಮಿ, ಅಂಗಡಿಯೊಳಗೆ ಒಮ್ಮೆ ಕಿವಿ ಕೊಡಿ. ರಶೀದಿ, ಬಾಕಿ, ಜಮಾ, ಖರ್ಚು, ವಜಾ. ಎಲ್ಲ ಪಾರಸಿ, ಅರಬ್ಬಿ ಕಡೆಯಿಂದ ಬಂದವು. ನಮ್ಮ ಅಜ್ಜಂದಿರು ಅದರಲ್ಲೇ ಲೆಕ್ಕ ಬರೆದರು, ಕನ್ನಡ ಹೋಗಲಿಲ್ಲ. ಕ್ರಿಯಾಪದವೂ ವಿಭಕ್ತಿಯೂ ನಮ್ಮವು ಇರುವ ತನಕ ನಾಮಪದ ಎಲ್ಲಿಂದಲಾದರೂ ಬರಲಿ. 'ಎಕ್ಸ್‌ಚೇಂಜ್ ಸೌಲಭ್ಯವಿದೆ'ಯಲ್ಲಿ ನನಗೆ ಎಕ್ಸ್‌ಚೇಂಜ್‌ಗಿಂತ ಜಾಸ್ತಿ ಚುಚ್ಚಿದ್ದು 'ಸೌಲಭ್ಯವಿದೆ'. ಸರ್ಕಾರಿ ಸುತ್ತೋಲೆಯ ವಾಸನೆ.
– ಮಲ್ಲೇಶ್ವರ

ಸುತ್ತೋಲೆ ಒಳ್ಳೆಯ ಪದ. ಅದನ್ನು ಯಾಕೆ ಎಳೆದಿರಿ?
– ಬಸವನಗುಡಿ

ಎಲ್ಲರಿಗೂ ಥ್ಯಾಂಕ್ಸ್. 'ಹಳೇ ಬೇಸ್ ಹಾಕಿ, ಹೊಸದು ಕೊಳ್ಳಿ' ಅಂತ ಕೊಡಲು ಹೊರಟಿದ್ದೆ. ಗೆಳೆಯ 'ಕೊಳ್ಳಿ' ಬೇಡ ಅಂದ, ಅಂಗಡಿಗೆ ಕೊಳ್ಳಿ ಇಟ್ಟ ಹಾಗೆ ಕೇಳಿಸುತ್ತಂತೆ. 'ತಗೊಳ್ಳಿ' ಮಾಡಿದೆವು. ಒಂದು ಅಕ್ಷರದ ದುಡ್ಡು ಜಾಸ್ತಿ.
– ಕಾಕ್ಸ್‌ಟೌನ್

'ತೆಗೆದುಕೊಳ್ಳಿ' ಅಂತ ಬರೆಯಿರಿ. 'ಹಳೇ'ಗೆ ದೀರ್ಘ ಯಾಕೆ?
– ಬಸವನಗುಡಿ

ಕತ್ತರಿಸಿ ಆಯಿತು.
– ಕಾಕ್ಸ್‌ಟೌನ್